ತೊಲೆಗೆ ತೊಡಿಸಿದ ಗಾಜಿನ ಬಳೆ

ಫ್ಲೋರೆಯಾ ತನ್ನ ತಾಯಿ ತೀರಿಹೋಗಿ ವರ್ಷವಾದ ದಿನ ನೆರೆಮನೆಗಳಿಗೆ ಹಂಚಿದ ತಟ್ಟೆಗಳಲ್ಲಿ ಎರಡು ಮರುದಿನ ಬೆಳಿಗ್ಗೆ ಅವನ ಗೇಟಿನ ಮುಂದೆ ಇದ್ದವು.

ಸತ್ತವರ ಹೆಸರಿನಲ್ಲಿ ಊಟ ಕೊಡುವಾಗ ಆ ಊರಿನಲ್ಲಿ ತಟ್ಟೆ, ಚಮಚ, ಮೇಣದ ಬತ್ತಿ ಎಲ್ಲವನ್ನೂ ಸೇರಿಸಿಯೇ ಕೊಡುತ್ತಾರೆ. ಪಡೆದವರು 'ದೇವರು ಅವರನ್ನು ಮನ್ನಿಸಲಿ' ಎಂದು ಒಳಗೆ ಒಯ್ಯುತ್ತಾರೆ. ತಟ್ಟೆ ಕೊಟ್ಟವರ ಮನೆಗೆ ಮರಳುವ ಮಾತೇ ಇಲ್ಲ. ಜಗಳವಾಡಿದ ನೆರೆಯವರೂ ಹಾಗೆ ಮಾಡುವುದಿಲ್ಲ.

"ಎಲೆಕೋಸಿನ ಸುರುಳಿ ಒಂದೂ ಮುಟ್ಟಿಲ್ಲ ಕಣೇ," ಎಂದಳು ಅಗ್ಲಾಯಾ. ಕ್ಯಾಂಟೀನಿನಲ್ಲಿ ಈರುಳ್ಳಿ ಸೊಪ್ಪಿನ ಸಾರು ಅವಳ ಮುಂದೆ ಆರುತ್ತಿತ್ತು. "ಬತ್ತಿ ಹಚ್ಚಿಲ್ಲ. ನಾಯಿಗೆ ಇಟ್ಟ ಹಾಗೆ ಇಟ್ಟು ಹೋಗಿದಾರೆ. ಕದ್ದ ದುಡ್ಡಿನ ಊಟ ಸತ್ತೋರಿಗೆ ತಲುಪಲ್ಲವಂತೆ."

ಕತ್ರಿನೆಲ್ ಚಮಚ ಕೆಳಗಿಟ್ಟಳು.

"ನೇಯ ಫ್ಲೋರೆಯಾ ಏನಂದ್ರು?"

"ಏನಂತಾರೆ? ತಟ್ಟೆ ತೊಳೆದು ಕಪಾಟಲ್ಲಿಟ್ಟ. ಆಮೇಲೆ ಕೆಲಸಕ್ಕೆ ಬಂದ. ಬೆಳಗಿಂದ ಒಬ್ಬರಿಗೂ ಬೈದಿಲ್ಲ. ನನಗೆ ಅದೇ ಹೆದರಿಕೆ."

ಅಗ್ಲಾಯಾ ಒಂದನೇ ಸಾಲಿನ ಕ್ರೇನ್ ಓಡಿಸುವವಳು. ಐವತ್ತು ದಾಟಿದ ಹೆಂಗಸು. ಮೇಲಿಂದ ಎಲ್ಲರ ಬೋಳು ತಲೆಯನ್ನೂ ನೋಡಿದವಳು, ಹಾಗಾಗಿ ಯಾರಿಗೂ ಹೆದರಿದವಳಲ್ಲ. ಫ್ಲೋರೆಯಾ ಅದೇ ಸಾಲಿನ ಮೇಸ್ತ್ರಿ. ವಯಸ್ಸಾದ ಗಂಡಸರನ್ನು ಅಲ್ಲಿ 'ನೇಯ' ಎಂದು ಕರೆಯುವುದು ರೂಢಿ; ಅವನಿಗೆ ಮಾತ್ರ ಅದು ಹೆಸರಿನ ಭಾಗವೇ ಆಗಿಹೋಗಿತ್ತು.

ಓಲ್ಟ್ ನದಿಯ ಬದಿಯ ಆ ಕಾರ್ಖಾನೆಯಲ್ಲಿ ಅಲ್ಯುಮಿನಿಯಂ ಆಗುವುದು ಬೆಂಕಿಯಿಂದಲ್ಲ, ಕರೆಂಟಿನಿಂದ. ಉದ್ದನೆಯ ಎರಡು ಸಾಲುಗಳಲ್ಲಿ ಕುಲುಮೆಗಳು ನಿಂತಿವೆ. ಮನುಷ್ಯನ ಸೊಂಟಕ್ಕಿಂತ ದಪ್ಪನಾದ ಲೋಹದ ತೊಲೆಗಳ ಮೂಲಕ ಕರೆಂಟು ಒಂದು ಕುಲುಮೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಅದರ ಅಯಸ್ಕಾಂತ ಎಂಥದ್ದೆಂದರೆ, ಜೇಬಿನ ಬೀಗದ ಕೈ ಬಟ್ಟೆಯೊಳಗೇ ಎದ್ದು ನಿಲ್ಲುತ್ತದೆ, ಕೈಗಡಿಯಾರ ಸತ್ತುಹೋಗುತ್ತದೆ, ಬ್ಯಾಂಕಿನ ಕಾರ್ಡು ಅಳಿಸಿಹೋಗುತ್ತದೆ. ಹೊಸದಾಗಿ ಬಂದವರ ಕೈಗೆ ಉಕ್ಕಿನ ಸಲಿಕೆ ಕೊಟ್ಟು ತೊಲೆಯ ಬಳಿ ಕಳಿಸಿ ನಗುವುದು ಅಲ್ಲಿನ ಹಳೆಯ ಆಟ.

ಎಷ್ಟು ಕರೆಂಟು ಹೋಯಿತೋ ಅಷ್ಟಕ್ಕೆ ತಕ್ಕ ಲೋಹ ಬರಲೇಬೇಕು. ಅದು ಬರುತ್ತಿರಲಿಲ್ಲ. ವಸಂತದಿಂದೀಚೆಗೆ ಒಂದನೇ ಸಾಲಿನ ಮೀಟರ್ ನೂರಿಪ್ಪತ್ತು ಸಾವಿರ ಆಂಪಿಯರ್ ತೋರಿಸುತ್ತಿತ್ತು, ತಕ್ಕಡಿ ಮಾತ್ರ ನೂರಕ್ಕೆ ಮೂರು ಪಾಲು ಕಡಿಮೆ ತೂಗುತ್ತಿತ್ತು. ಎರಡನೇ ಸಾಲಿನಲ್ಲಿ ಕೊರತೆ ಇರಲಿಲ್ಲ. ರಾಜಧಾನಿಯಿಂದ ಹೊಸದಾಗಿ ಬಂದ ಡೈರೆಕ್ಟರ್ ಪಿರ್ವುಲೆಸ್ಕು ಲೆಕ್ಕ ಬಲ್ಲವನು. ಒಂದೋ ಇವರಿಗೆ ಕೆಲಸ ಬರುವುದಿಲ್ಲ, ಇಲ್ಲವೇ ಲೋಹ ಬೇಲಿ ಹಾರುತ್ತಿದೆ. ಇಪ್ಪತ್ತು ವರ್ಷ ಮಾಡಿದ ಕೆಲಸ ಬರುವುದಿಲ್ಲ ಎಂದರೆ ನಂಬುವವರಿಲ್ಲ. ಉಳಿದದ್ದು ಒಂದೇ. ತಿಂಗಳ ಕೊನೆಗೆ ಫ್ಲೋರೆಯಾನ ತಂಡವನ್ನು ಪೂರ್ತಿ ತೆಗೆದು ಹೊರಗಿನ ಗುತ್ತಿಗೆಯವರನ್ನು ಹಾಕುವುದೆಂದು ಅವನು ಹೇಳಿಬಿಟ್ಟಿದ್ದ. 'ಕಳ್ಳರು' ಎಂಬ ಮಾತನ್ನು ಅವನು ಆಡಲಿಲ್ಲ. ಊರು ಆಡಿತು.

ಕತ್ರಿನೆಲ್ ಆ ಕಾರ್ಖಾನೆಯ ಅಳತೆ ವಿಭಾಗದ ಇಂಜಿನಿಯರ್. ಕ್ರೈಯೋವಾ ನಗರದಲ್ಲಿ ಓದಿ ಬಂದವಳು, ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಇದೇ ಒಂದನೇ ಸಾಲಿನಲ್ಲಿ ದುಡಿದವನು. ವಯಸ್ಸು ಮೂವತ್ತೊಂದು. ಚಳಿಗಾಲದಲ್ಲಿ ಗಂಡ ಒವಿಡಿಯು ತೀರಿಹೋದ ಮೇಲೆ ಕಪ್ಪು ಉಡುತ್ತಿದ್ದಳು. ಅವಳು ಬಂದರೆ ಜನ ದನಿ ತಗ್ಗಿಸುತ್ತಿದ್ದರು. ಅವಳು ಅದನ್ನು ಗಮನಿಸುತ್ತಿದ್ದಳು, ಏನೂ ಅನಿಸುತ್ತಿರಲಿಲ್ಲ. ಆ ವರ್ಷ ಅವಳಿಗೆ ಯಾವುದಕ್ಕೂ ಹೆಚ್ಚೇನೂ ಅನಿಸುತ್ತಿರಲಿಲ್ಲ.

ಆದರೆ ಆ ತಟ್ಟೆಗಳು ತಲೆಯಿಂದ ಹೋಗಲಿಲ್ಲ. ಒವಿಡಿಯುವಿನ ಹೆಸರಿನಲ್ಲಿ ಅವಳೂ ತಟ್ಟೆ ಹಂಚಿದ್ದಳು. ಫ್ಲೋರೆಯಾ ಎರಡು ಕೈಯಲ್ಲಿ ತೆಗೆದುಕೊಂಡಿದ್ದ.

ಮಧ್ಯಾಹ್ನ ಅಳತೆ ಕೋಣೆಗೆ ಹೋಗಿ ಬೀರುವಿನ ಕೆಳಗಿನ ಅರೆಯನ್ನು ಎಳೆದಳು. ಕಳೆದ ಶರತ್ಕಾಲದಲ್ಲಿ ಅವಳೂ ಒವಿಡಿಯುವೂ ಸೇರಿ ಅರ್ಧ ಮಾಡಿ ನಿಲ್ಲಿಸಿದ್ದ ಪೆಟ್ಟಿಗೆ ಅಲ್ಲಿತ್ತು. ಬೆಳಕು ಬಿಡುವ ಸಣ್ಣ ಸಾಧನ, ತಿರುಗಿ ಬಂದ ಬೆಳಕನ್ನು ಓದುವ ಇನ್ನೊಂದು, ಕೂದಲೆಳೆಯಂಥ ಗಾಜಿನ ಎಳೆಯ ಸುರುಳಿ. ದೂಳು ಒರೆಸಿದಳು. ವೈರು ಕೂಡಿಸಲು ಕುಳಿತಳು.

ಒಂದು ವಾರದ ಮೇಲೆ ಅದನ್ನು ರೆಕ್ಟಿಫೈಯರ್ ಮನೆಗೆ ಒಯ್ದಳು. ಎರಡೂ ಸಾಲುಗಳಿಗೆ ಕರೆಂಟು ಹೊರಡುವುದು ಅಲ್ಲಿಂದ. ತೊಲೆ ತೋರಿಸಲು, ಏಣಿ ಹಿಡಿಯಲು ಫ್ಲೋರೆಯಾನೂ ಅಗ್ಲಾಯಾಳೂ ಬಂದರು. ಅವರ ಹಿಂದೆ ಬಿಡುವಿನಲ್ಲಿದ್ದ ಅರ್ಧ ತಂಡವೇ ಬಂತು.

"ಇದೇನು, ಮೀನಿನ ಗಾಳದ ದಾರವಾ?" ಎಂದ ಒಬ್ಬ.

"ಸುಮ್ನಿರೋ," ಎಂದ ಫ್ಲೋರೆಯಾ. "ಮಗಾ, ಇದರಿಂದ ಏನಾಗುತ್ತೆ ಹೇಳು. ನಮಗೆ ಅರ್ಥ ಆಗೋ ಹಾಗೆ. ಅರ್ಥ ಆಗದಿದ್ರೂ ತಲೆ ಆಡಿಸ್ತೀವಿ, ಪರವಾಗಿಲ್ಲ."

ಕತ್ರಿನೆಲ್ ಚೀಲದಿಂದ ಕಪ್ಪು ಗಾಜಿನ ಎರಡು ಬಿಲ್ಲೆ, ಬೆರಳುದ್ದದ ಭಾರದ ಗಾಜಿನ ಕಡ್ಡಿ, ಕೆಂಪು ಬೆಳಕಿನ ಲೇಸರ್ ತೆಗೆದಳು.

"ಬೆಳಕನ್ನ ಬಟ್ಟೆ ಒಣಹಾಕೋ ಹಗ್ಗ ಅಂದ್ಕೊಳ್ಳಿ. ಒಂದು ತುದಿ ಹಿಡಿದು ಅಲ್ಲಾಡಿಸಿದ್ರೆ ಅಲೆ ಹೋಗುತ್ತೆ. ಮೇಲೆ ಕೆಳಗೆ ಅಲ್ಲಾಡಿಸಬಹುದು, ಎಡಕ್ಕೂ ಬಲಕ್ಕೂ ಅಲ್ಲಾಡಿಸಬಹುದು. ಹಲಗೆ ನೆಟ್ಟಗೆ ನಿಲ್ಲಿಸಿದ ಬೇಲಿಯ ಸಂದಿಯಲ್ಲಿ ಹಗ್ಗ ತೂರಿಸಿದ್ರೆ?"

"ಮೇಲೆ ಕೆಳಗೆ ಆಡೋದು ಮಾತ್ರ ದಾಟುತ್ತೆ," ಎಂದಳು ಅಗ್ಲಾಯಾ.

"ಈ ಬಿಲ್ಲೆ ಅಂಥ ಬೇಲಿ. ನೇಯ ಫ್ಲೋರೆಯಾ ಮೀನು ಹಿಡಿಯೋವಾಗ ಹಾಕ್ತಾರಲ್ಲ, ನೀರಿನ ಹೊಳಪು ಹೊಡೆಯದ ಕನ್ನಡಕ, ಅದೂ ಇದೇ. ಒಂದು ಬೇಲಿ ನೆಟ್ಟಗೆ, ಇನ್ನೊಂದು ಅಡ್ಡ. ಏನು ದಾಟುತ್ತೆ?"

"ಏನೂ ಇಲ್ಲ."

ಬಾಗಿಲ ಹೊರಗೆ ನಿಂತು ಎರಡು ಬಿಲ್ಲೆಗಳನ್ನು ಒಂದು ಹಲಗೆಯ ಮೇಲೆ ಒಂದಕ್ಕೊಂದು ಅಡ್ಡವಾಗಿ ಕೂರಿಸಿ, ನಡುವೆ ಗಾಜಿನ ಕಡ್ಡಿ ಇಟ್ಟು ಲೇಸರ್ ಬಿಟ್ಟಳು. ಗೋಡೆಯ ಮೇಲೆ ಏನೂ ಬೀಳಲಿಲ್ಲ. ಹಾಗೇ ಹಿಡಿದುಕೊಂಡು ಒಳಗೆ ತೊಲೆಯ ಪಕ್ಕಕ್ಕೆ ನಡೆದಳು. ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡಿತು. ಹಿಂದೆ ಸರಿದಳು, ಆರಿತು. ಮುಂದೆ ಬಂದಳು, ಹತ್ತಿತು.

ಫ್ಲೋರೆಯಾ ಗೋಡೆಯ ಹತ್ತಿರ ಹೋಗಿ ಚುಕ್ಕೆಯ ಮೇಲೆ ಬೆರಳಿಟ್ಟ.

"ಗಾಜಿಗೂ ಅಯಸ್ಕಾಂತ ಹಿಡಿಯುತ್ತಾ?" ಎಂದ.

"ಗಾಜು ಅಲ್ಲಾಡಲ್ಲ. ಅದರೊಳಗೆ ಹೋಗೋ ಬೆಳಕು ಆಡೋ ದಿಕ್ಕನ್ನ ಅಯಸ್ಕಾಂತ ಮೆಲ್ಲಗೆ ತಿರುಚುತ್ತೆ. ನೆಟ್ಟಗೆ ಆಡ್ತಿದ್ದದ್ದು ಓರೆ ಆಗುತ್ತೆ. ಓರೆ ಆದದ್ದರಲ್ಲಿ ಸ್ವಲ್ಪ ಅಡ್ಡ ಬೇಲೀನ ದಾಟುತ್ತೆ. ಇದಕ್ಕೆ ಫ್ಯಾರಡೆ ಪರಿಣಾಮ ಅಂತಾರೆ. ಕರೆಂಟು ಜಾಸ್ತಿ ಆದ್ರೆ ತಿರುಚೂ ಜಾಸ್ತಿ. ತಿರುಚು ಅಳೆದರೆ ಕರೆಂಟು ಅಳೆದ ಹಾಗೆ. ಈ ಎಳೇನ ತೊಲೆಯ ಸುತ್ತ ಒಂದು ಸುತ್ತು ಹಾಕ್ತೀನಿ. ಬೆಳಕು ಒಂದು ತುದಿಯಿಂದ ಹೋಗಿ, ಇನ್ನೊಂದು ತುದಿಯ ಕನ್ನಡಿ ಮುಟ್ಟಿ, ಅದೇ ದಾರೀಲಿ ವಾಪಸು ಬರುತ್ತೆ."

"ವಾಪಸು ಬರೋವಾಗ ತಿರುಚು ಬಿಚ್ಕೊಳ್ಳಲ್ವಾ? ಹಗ್ಗ ಹೊಸೆದು ಹಿಂದಕ್ಕೆ ತಿರುಗಿಸಿದ ಹಾಗೆ?"

"ಬೇರೆ ತಿರುಚು ಬಿಚ್ಕೊಳ್ಳುತ್ತೆ. ಅಯಸ್ಕಾಂತ ಹಾಕಿದ್ದು ಬಿಚ್ಚಲ್ಲ. ವಾಪಸು ದಾರೀಲಿ ಇಮ್ಮಡಿ ಆಗುತ್ತೆ."

ಒವಿಡಿಯುವಿಗೆ ಈ ಸಂಗತಿ ಬಹಳ ಇಷ್ಟವಾಗಿತ್ತು. ಕತ್ರಿನೆಲ್ ಅದನ್ನು ಹೇಳಲಿಲ್ಲ.

"ಹಳೇ ಮೀಟರ್ ಸುಳ್ಳು ಹೇಳ್ತಿದೆ ಅಂತ ನಿನ್ನ ಲೆಕ್ಕ," ಎಂದಳು ಅಗ್ಲಾಯಾ.

ಕತ್ರಿನೆಲ್ ಮೇಲಕ್ಕೆ ಬೆರಳು ತೋರಿಸಿದಳು. ವಸಂತದಲ್ಲಿ ದುರಸ್ತಿಯಾದಾಗ ಎರಡನೇ ಸಾಲಿನ ತೊಲೆಯನ್ನು ತಾತ್ಕಾಲಿಕವಾಗಿ ಈ ಕಡೆಗೆ ತಿರುಗಿಸಿದ್ದರು. ತಾತ್ಕಾಲಿಕ ಹಾಗೇ ಉಳಿದಿತ್ತು. ಈಗ ಅದು ಒಂದನೇ ಸಾಲಿನ ಹಳೆಯ ಮೀಟರ್ ಪೆಟ್ಟಿಗೆಯ ಹೆಗಲಿಗೆ ಹೆಗಲು ತಾಗಿಸಿಕೊಂಡು ಹೋಗುತ್ತಿತ್ತು.

"ಪಕ್ಕದ ಮನೆ ಗಲಾಟೆಯನ್ನೂ ಆ ಪೆಟ್ಟಿಗೆ ನಮ್ಮ ಲೆಕ್ಕಕ್ಕೆ ಸೇರಿಸ್ತಿದೆ ಅನ್ಸುತ್ತೆ. ಅದು ನೂರಿಪ್ಪತ್ತು ಅಂದಾಗ ನಿಮ್ಮ ಕುಲುಮೆಗೆ ನೂರಿಪ್ಪತ್ತು ಬಂದೇ ಇಲ್ಲ. ಬರದ ಕರೆಂಟಿಗೆ ಲೋಹ ಎಲ್ಲಿಂದ ಬರಬೇಕು?"

ಫ್ಲೋರೆಯಾ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹಾಗಾದ್ರೆ ಕಟ್ಟು ಮಗಾ, ಕಟ್ಟು."

ಎಳೆಗೆ ಪ್ಲಾಸ್ಟಿಕ್ಕಿನ ಕೊಳವೆ ತೊಡಿಸಿ ತೊಲೆಯ ಸುತ್ತ ತಂದಳು. ತುದಿಗಳ ನಡುವೆ ನಾಲ್ಕು ಬೆರಳು ಬಿಟ್ಟು ಬಿಗಿದಳು. ಮಿಕ್ಕ ಎಳೆಯನ್ನು ಹೊರಗೆ ಸುತ್ತಿಟ್ಟಳು. ತೊಲೆಗೆ ಬಳೆ ತೊಡಿಸಿದ ಹಾಗೆ ಕಂಡಿತು. ತಂಡದವರು ಆಗಿಂದ ಅದನ್ನು ಬಳೆ ಎಂದೇ ಕರೆದರು.

ಮರುದಿನ ಡೈರೆಕ್ಟರ್ ನೋಡಲು ಬಂದ. ಪರದೆಯ ಮೇಲೆ ನೂರಹನ್ನೆರಡು ಸಾವಿರ ಇತ್ತು. ನೋಡುತ್ತಿದ್ದಂತೆ ನೂರಹದಿಮೂರಾಯಿತು. ಮತ್ತೆ ಇಳಿಯಿತು.

ಪಿರ್ವುಲೆಸ್ಕು ಸ್ವಲ್ಪ ಹೊತ್ತು ನೋಡಿದ. ಸಿಟ್ಟಿನ ಮನುಷ್ಯನಲ್ಲ, ಅವನ ತೊಂದರೆ ಬೇರೆ, ಅವನಿಗೆ ತಮಾಷೆ ಬರುತ್ತಿತ್ತು.

"ಇಂಜಿನಿಯರಮ್ಮ, ಮೀಟರ್ ನೂರಿಪ್ಪತ್ತು ಅನ್ನುತ್ತೆ. ತಕ್ಕಡಿಯ ಲೋಹ ನೂರಹದಿನಾರು ಅನ್ನುತ್ತೆ. ನಿಮ್ಮ ಬೆಳಕು ನೂರಹನ್ನೆರಡು. ಅಂದ್ರೆ ನೇಯ ಫ್ಲೋರೆಯಾ ಕಳ್ಳ ಅಲ್ಲ, ಸಂತ. ಕರೆಂಟಿಲ್ಲದೆ ಗಾಳಿಯಿಂದ ಲೋಹ ಇಳಿಸ್ತಿದಾರೆ. ಇವರ ಚಿತ್ರ ಬರೆಸಿ ಚರ್ಚಿನಲ್ಲಿ ಹಾಕಿಸೋಣವಾ?"

ಹಿಂದೆ ನಿಂತಿದ್ದ ಗುಮಾಸ್ತರು ನಕ್ಕರು. ಫ್ಲೋರೆಯಾ ನಗಲಿಲ್ಲ. ಅವನ ಕುತ್ತಿಗೆ ಕೆಂಪಾಯಿತು.

"ಶನಿವಾರ ಎರಡನೇ ಸಾಲಿಗೆ ಹೊಸ ಕುಲುಮೆ ಸೇರಿಸ್ತಾರೆ. ಆ ಕೆಲಸ ಮುಗಿದ ಮೇಲೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕ್ತೀನಿ," ಎಂದ ಡೈರೆಕ್ಟರ್. ದನಿಯಲ್ಲಿ ಕನಿಕರವಿತ್ತು. "ನಿಮಗೆ ಕಷ್ಟದ ವರ್ಷ. ಗೊತ್ತು. ಸ್ವಲ್ಪ ರಜೆ ತಗೊಳ್ಳಿ."

ಅವರು ಹೋದ ಮೇಲೆ ಕತ್ರಿನೆಲ್ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತಳು. ಆ ಕನಿಕರಕ್ಕೆ ತಿಂಗಳುಗಳ ಮೇಲೆ ಮೊದಲ ಸಲ ಅವಳಿಗೆ ಸಿಟ್ಟು ಬಂದಿತ್ತು. ಅದು ಬೆಚ್ಚಗಿತ್ತು.

ಡೈರೆಕ್ಟರ್ ಹೇಳಿದ್ದು ಸರಿ. ನೂರಹನ್ನೆರಡು ಸಾಧ್ಯವಿಲ್ಲ. ಇದ್ದ ಕರೆಂಟಿಗಿಂತ ಹೆಚ್ಚು ಲೋಹ ಜಗತ್ತಿನ ಯಾವ ಕುಲುಮೆಯಲ್ಲೂ ಬರುವುದಿಲ್ಲ. ಹಳೆಯ ಮೀಟರ್ ಹೆಚ್ಚು ಹೇಳುತ್ತಿದ್ದರೆ ಅವಳ ಬೆಳಕು ಕಡಿಮೆ ಹೇಳುತ್ತಿತ್ತು.

ಅಂಕಿ ಏರಿತು. ಇಳಿಯಿತು. ಪಕ್ಕದ ಗೋಡೆಯಲ್ಲಿ ಎರಡನೇ ಸಾಲಿನ ಮುಳ್ಳಿತ್ತು. ಅದೂ ಏರಿತು, ಇಳಿಯಿತು. ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಎರಡನೇ ಸಾಲು ಇಳಿದಾಗಲೆಲ್ಲ ಅವಳ ಅಂಕಿ ಏರುತ್ತಿತ್ತು.

ಅದು ಆಗಬಾರದು. ಬೆಳಕು ತೊಲೆಯನ್ನು ಪೂರ್ತಿ ಸುತ್ತಿಬಂದರೆ ಒಳಗೆ ಹಾಯುವ ಕರೆಂಟು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಹೊರಗಿನ ತೊಲೆ ಎಷ್ಟೇ ದೊಡ್ಡದಿರಲಿ, ಸುತ್ತಿನ ಒಂದು ಕಡೆ ಬೆಳಕನ್ನು ಎಷ್ಟು ತಿರುಚುತ್ತದೋ ಉಳಿದ ಕಡೆ ಅಷ್ಟನ್ನೇ ಬಿಚ್ಚುತ್ತದೆ. ಪಕ್ಕದ ಸಾಲು ಇದೆಯೋ ಇಲ್ಲವೋ ಎಂಬುದೇ ಬಳೆಗೆ ತಿಳಿಯಬಾರದು. ತಿಳಿಯುತ್ತಿದೆ. ಹಾಗಾದರೆ ಸುತ್ತು ಎಲ್ಲೋ ಸೋರುತ್ತಿದೆ.

ಕಾಗದದ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮಾಡಿದಳು. ಕನ್ನಡಿ ಬಿಚ್ಚಿ ಒರೆಸಿದಳು. ಎಳೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ದೀಪ ಹಿಡಿದು ಹುಡುಕಿದಳು. ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಫ್ಲೋರೆಯಾನನ್ನು ಕರೆಸಿದಳು.

"ನೇಯ ಫ್ಲೋರೆಯಾ, ನಾನು ಕಟ್ಟಿದ್ದರಲ್ಲಿ ಏನಾದ್ರೂ ತಪ್ಪು ಕಾಣುತ್ತಾ? ನೋಡಿ."

ಅವನು ಏಣಿ ಹತ್ತಿದ. ಕೊಳವೆಯ ಮೇಲೆ ಕೈ ಆಡಿಸಿದ. ಬಗ್ಗಿ ಕೆಳಗಿನಿಂದಲೂ ನೋಡಿದ. ಹಿಂದೆಯೇ ಬಂದಿದ್ದ ಅಗ್ಲಾಯಾಳೂ ಕತ್ತು ಚಾಚಿದಳು.

"ಏನೂ ತಪ್ಪಿಲ್ಲ ಮಗಾ. ಅಚ್ಚುಕಟ್ಟಾಗಿದೆ. ಬಿಗಿ ಸರಿ ಇದೆ. ನಾಲ್ಕು ಬೆರಳೂ ಸರಿಯಾಗಿ ಬಿಟ್ಟಿದೀಯ. ನಿಮ್ಮಪ್ಪ ಇದ್ದಿದ್ರೆ ಬೆನ್ನು ತಟ್ತಿದ್ದ."

"ಅಪ್ಪನ ಮಗಳೇ ಸೈ," ಎಂದಳು ಅಗ್ಲಾಯಾ.

ಕತ್ರಿನೆಲ್ ಆ ನಾಲ್ಕು ಬೆರಳನ್ನು ನೋಡಿದಳು.

ಕುಲುಮೆ ಮನೆಯಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು. ಉಂಗುರ, ಸರ, ಗಡಿಯಾರ ತೆಗೆದಿಟ್ಟು ಒಳಗೆ ಬಾ. ತೊಲೆಯ ಬಳಿ ಯಾವ ಸುತ್ತನ್ನೂ ಪೂರ್ತಿ ಮುಚ್ಚಬೇಡ. ಸರಪಳಿಯಾಗಲಿ, ತಂತಿಯಾಗಲಿ, ಪಟ್ಟಿಯಾಗಲಿ, ನಾಲ್ಕು ಬೆರಳು ಬಿಡು. ಲೋಹ ಎರಡು ಕಡೆ ಕೂಡಿಕೊಂಡು ಕರೆಂಟಿಗೆ ದಾರಿಯಾದರೆ ಮನುಷ್ಯ ಉಳಿಯುವುದಿಲ್ಲ. ಹಾಗೆ ಉಳಿಯದವರ ಹೆಸರುಗಳು ಊರಿಗೆ ಗೊತ್ತು. ಆ ಪಾಠ ಕೈಗೇ ಇಳಿದುಬಿಟ್ಟಿತ್ತು. ಆ ಊರಿನ ಗಂಡಸರು ಟೊಮೇಟೊ ಗಿಡವನ್ನು ಕೋಲಿಗೆ ಕಟ್ಟುವಾಗಲೂ ದಾರದ ಸುತ್ತನ್ನು ತೆರೆದೇ ಬಿಡುತ್ತಿದ್ದರು. ಅಪ್ಪ ಕ್ರಿಸ್ಮಸ್ಸಿಗೆ ಬಾಗಿಲಿಗೆ ಕಟ್ಟುತ್ತಿದ್ದ ಹಸಿರು ಹಾರಕ್ಕೂ ನಾಲ್ಕು ಬೆರಳ ಬಾಯಿ ಇರುತ್ತಿತ್ತು. ಅಮ್ಮ ಬೈಯುತ್ತಿದ್ದಳು.

ಬೇರೆ ಊರಿನವನೊಬ್ಬ ಬಂದಿದ್ದರೆ ನೋಡಿದ ಕೂಡಲೇ ಕೇಳುತ್ತಿದ್ದ: ಇದೇಕೆ ಕೂಡಿಲ್ಲ? ಇಲ್ಲಿ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಮುಚ್ಚಿದ್ದರೆ ಬೀಳುತ್ತಿತ್ತು.

"ಅದು ಗಾಜು," ಎಂದಳು ಕತ್ರಿನೆಲ್.

"ಏನು?"

"ಗಾಜು, ನೇಯ ಫ್ಲೋರೆಯಾ! ಗಾಜಲ್ಲಿ ಕರೆಂಟು ಹರಿಯಲ್ಲ! ಯಾರನ್ನೂ ಸುಡಲ್ಲ! ನಾನು ಯಾಕೆ ಬಿಟ್ಟೆ?"

ಫ್ಲೋರೆಯಾ ಏಣಿಯಿಂದ ಇಳಿದ. "ಬಿಡಬೇಕಲ್ಲ, ಅದಕ್ಕೆ ಬಿಟ್ಟೆ," ಎಂದ ಮೆಲ್ಲಗೆ.

"ಬೆಳಕು ಸುತ್ತು ಮುಗಿಸೋಕೆ ನಾಲ್ಕು ಬೆರಳು ಮುಂಚೆ ಹಿಂದಕ್ಕೆ ಹೋಗ್ತಿದೆ. ಅಷ್ಟರ ಲೆಕ್ಕ ಪೂರ್ತಿ ಬಿಟ್ಟುಹೋಗಿದೆ. ಅದೇ ಬಾಯಿಂದ ಪಕ್ಕದ ಸಾಲು ಒಳಗೆ ಬರ್ತಿದೆ. ಅಗ್ಲಾಯಾ, ಆ ಇಕ್ಕಳ ಕೊಡು."

"ಪ್ಲಾಸ್ಟಿಕ್ಕಿನದ್ದಾ?"

"ಇನ್ನೇನು ಉಕ್ಕಿನದ್ದಾ? ಕೊಡೇ ಬೇಗ!"

ಅಗ್ಲಾಯಾ ಫ್ಲೋರೆಯಾನನ್ನು ನೋಡಿದಳು. "ಕಿರುಚ್ತಾಳೆ," ಎಂದಳು, ಸಂತೋಷದಿಂದ.

ಹೊರಗೆ ಸುತ್ತಿಟ್ಟಿದ್ದ ಎಳೆಯನ್ನು ಬಿಚ್ಚಿ ಸುತ್ತನ್ನು ಉದ್ದ ಮಾಡಿದಳು. ಕನ್ನಡಿಯ ತುದಿಯನ್ನು ಮೆಲ್ಲಗೆ ಎಳೆದು ಬೆಳಕು ಒಳಹೋಗುವ ತುದಿಗೆ ತಾಗಿಸಿದಳು. ಎರಡು ತುದಿ ಮುಟ್ಟುವ ಹೊತ್ತಿಗೆ ಫ್ಲೋರೆಯಾ ತನಗೆ ತಿಳಿಯದೆ ಒಂದು ಹೆಜ್ಜೆ ಹಿಂದೆ ಸರಿದ. ಅವಳ ಬೆರಳೂ ತಾನಾಗಿಯೇ ಹಿಂದಕ್ಕೆ ಹೋಯಿತು. ಬುದ್ಧಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಬಿಗಿದಳು.

ಏನೂ ಆಗಲಿಲ್ಲ. ಪರದೆಯ ಮೇಲೆ ನೂರಹದಿನಾರು ಸಾವಿರ ಮೂಡಿತು. ಪಕ್ಕದ ಸಾಲಿನ ಮುಳ್ಳು ಏರಿತು, ಇಳಿಯಿತು. ನೂರಹದಿನಾರು ಕದಲಲಿಲ್ಲ. ಗೋಡೆಗೆ ಬಡಿದ ಮೊಳೆಯ ಹಾಗೆ ನಿಂತಿತು.

ತಕ್ಕಡಿ ಹೇಳಿದ್ದೂ ಅದನ್ನೇ.

"ಹೋಗಿ ಅವನಿಗೆ ಹೇಳೋಣ ನಡಿ," ಎಂದ ಫ್ಲೋರೆಯಾ. ಅವನು ಆಗಲೇ ಬಾಗಿಲ ಕಡೆ ಹೊರಟಿದ್ದ.

"ಬೇಡ. ನಿನ್ನೆ ಹನ್ನೆರಡು, ಇವತ್ತು ಹದಿನಾರು ಅಂದ್ರೆ ಇನ್ನೊಂದು ತಮಾಷೆ ಮಾಡ್ತಾನೆ. ಅವನಿಗೆ ನನ್ನ ಬಾಯಿಂದ ಬೇಡ. ಅವನ ಮೀಟರ್ ಬಾಯಿಂದಾನೇ ಹೇಳಿಸ್ತೀನಿ. ಶನಿವಾರ ಎರಡನೇ ಸಾಲು ನಿಲ್ಲಿಸ್ತಾರಲ್ಲ?"

"ಹೊಸ ಕುಲುಮೆ ಕೂಡಿಸೋಕೆ. ಸ್ವಲ್ಪ ಹೊತ್ತು."

"ಅಷ್ಟು ಹೊತ್ತು ಸಾಕು."

ಶನಿವಾರ ಬೆಳಿಗ್ಗೆ ರೆಕ್ಟಿಫೈಯರ್ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಜೆಯಲ್ಲಿದ್ದವರೂ ಬಂದಿದ್ದರು. ಡೈರೆಕ್ಟರ್ ಗುಮಾಸ್ತರೊಂದಿಗೆ ಬಂದ. ಕತ್ರಿನೆಲ್ ಮಾತು ಬೆಳೆಸಲಿಲ್ಲ. ಒಂದನೇ ಸಾಲಿನ ಕರೆಂಟನ್ನು ಮೀಟರ್ ನೋಡಿ ತಾನೇ ಏರಿಸಿ ಇಳಿಸುವ ಯಂತ್ರವನ್ನು ಬಿಡಿಸಿ, ಕೈಯಿಂದ ಒಂದೇ ಕಡೆ ನಿಲ್ಲಿಸಲು ಕೇಳಿದಳು. ಡೈರೆಕ್ಟರ್ ತಲೆಯಾಡಿಸಿದ. ನಿಲ್ಲಿಸಿದರು.

ಸೀಮೆಸುಣ್ಣ ತೆಗೆದುಕೊಂಡು ಕಬ್ಬಿಣದ ಬಾಗಿಲ ಮೇಲೆ ದೊಡ್ಡದಾಗಿ ಬರೆದಳು: ೧೧೬.

"ಈಗ ಮೀಟರ್ ನೂರಿಪ್ಪತ್ತು ತೋರಿಸ್ತಿದೆ, ನನ್ನ ಬೆಳಕು ನೂರಹದಿನಾರು. ಒಂದನೇ ಸಾಲನ್ನ ಯಾರೂ ಮುಟ್ಟಲ್ಲ. ಎರಡನೇ ಸಾಲು ನಿಂತ ಕೂಡಲೇ ನಿಮ್ಮ ಮೀಟರ್ ಇಲ್ಲಿಗೆ ಬೀಳುತ್ತೆ. ನನ್ನದು ಇದ್ದ ಹಾಗೇ ಇರುತ್ತೆ."

"ಬೀಳದಿದ್ರೆ?" ಎಂದ ಪಿರ್ವುಲೆಸ್ಕು.

"ಕಾಗದಕ್ಕೆ ಸಹಿ ಹಾಕಿ. ಪೆನ್ನು ನಾನೇ ಕೊಡ್ತೀನಿ."

"ಅಯ್ಯೋ ತಾಯಿ ಮೇರಿ," ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಬಾಯ್ಮುಚ್ಚು. ಉಸಿರಾಡಿದ್ರೆ ಮುಳ್ಳು ಅಲ್ಲಾಡುತ್ತೆ," ಎಂದಳು ಅಗ್ಲಾಯಾ.

ಫೋನು ಬಡಿಯಿತು. ಎರಡನೇ ಸಾಲಿನವರು ಇಳಿಸತೊಡಗಿದರು. ಆ ಮನೆಯ ಗುಂಗಿನಲ್ಲಿ ಎರಡು ದನಿಗಳಿದ್ದವು ಎಂದು ಒಂದು ಕುಗ್ಗಿದಾಗಲೇ ತಿಳಿಯಿತು. ಎರಡನೇ ಸಾಲಿನ ಮುಳ್ಳು ಅರ್ಧಕ್ಕೆ ಬಂತು.

ಒಂದನೇ ಸಾಲಿನ ಹಳೆಯ ಮೀಟರ್ ನೂರಹದಿನೆಂಟು ತೋರಿಸಿತು.

ಡೈರೆಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಒಂದನೇ ಸಾಲು ಯಾರು ಮುಟ್ಟಿದ್ದು?"

"ಯಾರೂ ಇಲ್ಲ ಸಾರ್," ಎಂದ ಸ್ವಿಚ್ಚಿನ ಮುಂದಿದ್ದವನು, ಎರಡು ಕೈಯನ್ನೂ ಮೇಲೆತ್ತಿ ತೋರಿಸುತ್ತ.

ಮುಳ್ಳು ಇಳಿಯುತ್ತಲೇ ಹೋಯಿತು. ಎರಡನೇ ಸಾಲು ಪೂರ್ತಿ ನಿಂತಿತು. ಅದರ ಗುಂಗು ಸತ್ತಿತು. ಹಳೆಯ ಮೀಟರ್ ಮುಳ್ಳು ಸ್ವಲ್ಪ ತೂಗಾಡಿ ನೂರಹದಿನಾರರ ಮೇಲೆ ಕುಳಿತಿತು.

ಪರದೆಯ ಮೇಲೆ ನೂರಹದಿನಾರು. ಬಾಗಿಲ ಮೇಲೆ ನೂರಹದಿನಾರು.

ಮೊದಲು ಕೂಗಿದವರು ಯಾರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ಕೂಗು ಆ ಕಟ್ಟಡದ ತಗಡಿನ ಮಾಡನ್ನು ಎತ್ತಿತು. ಟೋಪಿಗಳು ಹಾರಿದವು, ಒಂದು ಟೋಪಿಯ ಕಬ್ಬಿಣದ ಬಿಲ್ಲೆ ತೊಲೆಗೆ ಕಚ್ಚಿಕೊಂಡು ಅಲ್ಲೇ ನೇತಾಡಿತು. ಅಗ್ಲಾಯಾ ಕತ್ರಿನೆಲ್‌ಳ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ಅವಳ ಕೈಗವಸಿನ ಮಸಿ ಕತ್ರಿನೆಲ್‌ಳ ಎರಡು ಕೆನ್ನೆಗೂ ಹತ್ತಿತು.

ಫ್ಲೋರೆಯಾ ಮಾತ್ರ ಕೂಗಲಿಲ್ಲ. ನೇರ ಡೈರೆಕ್ಟರನ ಮುಂದೆ ಹೋಗಿ ನಿಂತ.

"ಹೇಳಿ ಸಾರ್."

ಪಿರ್ವುಲೆಸ್ಕು ಮೀಟರ್ ನೋಡಿದ, ಪರದೆ ನೋಡಿದ, ಬಾಗಿಲು ನೋಡಿದ. ಲೆಕ್ಕ ಬಲ್ಲವನು, ಲೆಕ್ಕದ ಮುಂದೆ ಹಟ ಮಾಡಲು ಅವನಿಗೆ ಬರುತ್ತಿರಲಿಲ್ಲ.

"ಲೋಹ ಎಲ್ಲೂ ಹೋಗಿಲ್ಲ," ಎಂದ.

"ಕೇಳ್ಸಲಿಲ್ಲ. ಕುಲುಮೆ ಪಕ್ಕ ಇದ್ದೂ ಇದ್ದೂ ಕಿವಿ ಮಂದ ನಮಗೆ."

"ಲೋಹ ಎಲ್ಲೂ ಹೋಗಿಲ್ಲ!" ಈ ಸಲ ಗಟ್ಟಿಯಾಗಿತ್ತು. "ಕರೆಂಟು ಬಂದಿರಲಿಲ್ಲ. ತಪ್ಪು ಮೀಟರಿನದ್ದು. ಅದನ್ನ ನಂಬಿದ್ದು ನನ್ನದು. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಇದನ್ನೇ ಹೇಳ್ತೀನಿ. ಸಾಕಾ?"

ಫ್ಲೋರೆಯಾ ಹಳೆಯ ಮೀಟರಿನ ಕಡೆ ಕೈ ತೋರಿಸಿದ.

"ಸಾಲದು. ವಸಂತದಿಂದ ನೂರಿಪ್ಪತ್ತು ಕೊಡ್ತೀವಿ ಅಂತ ಹೇಳಿ ನೂರಹದಿನಾರು ಕೊಟ್ರಿ. ಈಗ ನಮ್ಮ ಕರೆಂಟು ನಮಗೆ ಕೊಡಿ. ಬೆಳಕು ನೋಡ್ಕೊಂಡು ಕೊಡಿ, ಆ ಹಾಳು ಪೆಟ್ಟಿಗೆ ನೋಡ್ಕೊಂಡಲ್ಲ."

ಡೈರೆಕ್ಟರ್ ನಕ್ಕುಬಿಟ್ಟ. ಸ್ವಿಚ್ಚಿನ ಮುಂದಿದ್ದವನಿಗೆ ಕೈ ಮಾಡಿ, ಕತ್ರಿನೆಲ್ ಕಡೆ ತಿರುಗಿದ. "ಇಂಜಿನಿಯರಮ್ಮ, ನೀವೇ ಹೇಳಿ. ನಿಮ್ಮ ಅಂಕಿಯ ಪ್ರಕಾರ."

ಕತ್ರಿನೆಲ್ ಪರದೆಯ ಮುಂದೆ ನಿಂತಳು.

"ಏರಿಸಿ," ಎಂದಳು.

ಗುಂಗು ದಪ್ಪವಾಯಿತು. ತೊಲೆಯ ಸುತ್ತಿದ್ದ ಎಳೆಯೊಳಗೆ ಬೆಳಕು ಇನ್ನಷ್ಟು ತಿರುಚಿಕೊಂಡಿತು. ಅದನ್ನು ಯಾರೂ ನೋಡಲಾರರು, ಅಂಕಿ ಮಾತ್ರ ಕಾಣುತ್ತಿತ್ತು. ನೂರಹದಿನೇಳು. ನೂರಹದಿನೆಂಟು. ತಂಡದವರು ಒಂದೊಂದಕ್ಕೂ ಕೂಗತೊಡಗಿದರು.

"ಏರಿಸಿ!"

ನೂರಹತ್ತೊಂಬತ್ತು.

"ಇನ್ನೂ!" ಅವಳ ದನಿ ಎಲ್ಲರ ದನಿಯ ಮೇಲೆ ಹೋಯಿತು.

ನೂರಿಪ್ಪತ್ತು.

"ಎದ್ದೇಳ್ರೋ ಸೋಮಾರಿಗಳಾ!" ಎಂದು ಅಬ್ಬರಿಸಿದ ಫ್ಲೋರೆಯಾ. ಎಷ್ಟೋ ದಿನದ ಬೈಗುಳವೆಲ್ಲ ಒಟ್ಟಿಗೆ ಬಂತು. "ನಿಮ್ಮಜ್ಜಿ ಮದುವೆಗೆ ಬಂದಿದೀರಾ? ಪೂರ್ತಿ ಕರೆಂಟು ಬಂದಿದೆ, ಕುಲುಮೆ ಉಕ್ಕುತ್ತೆ! ಅಗ್ಲಾಯಾ, ಕ್ರೇನ್ ಹತ್ತು, ಮುದುಕಿ!"

"ಮುದುಕಿ ನಿನ್ನ ಹೆಂಡ್ತಿ!" ಎನ್ನುತ್ತ ಅಗ್ಲಾಯಾ ಆಗಲೇ ಓಡುತ್ತಿದ್ದಳು.

ಅವರೆಲ್ಲ ಬಾಗಿಲಿಂದ ನುಗ್ಗಿ ಕುಲುಮೆಗಳ ಕಡೆ ಓಡಿದರು. ಕತ್ರಿನೆಲ್ ಮುಖದ ಮಸಿಯನ್ನು ಒರೆಸಿಕೊಳ್ಳಲಿಲ್ಲ. ಅವರ ಹಿಂದೆ ಹೊರಟಳು. ಮೊದಲು ನಡೆದಳು. ಆಮೇಲೆ ಓಡಿದಳು.